ಕಾಕ್‌ಪಿಟ್‌ಗೆ ಟ್ಯಾಬ್ಲೆಟ್ ಕೊಳ್ಳುವ ಮುನ್ನ: ಆ್ಯಪ್, ಪರದೆ, ಬಿಸಿಲು ಮತ್ತು ಬ್ಯಾಟರಿಯ ಲೆಕ್ಕ

ಸಣ್ಣ ವಿಮಾನ ಹಾರಿಸಲು ಕಲಿಯುವವರಲ್ಲಿ ಬಹುಪಾಲು ಜನ ಮೊದಲು ಟ್ಯಾಬ್ಲೆಟ್ ಕೊಳ್ಳುತ್ತಾರೆ, ಆಮೇಲೆ ಅದರಲ್ಲಿ ಯಾವ ನ್ಯಾವಿಗೇಷನ್ ಆ್ಯಪ್ ನಡೆಯುತ್ತದೆಂದು ಹುಡುಕುತ್ತಾರೆ. ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ಯಾವ ದೇಶದ ಆಕಾಶದಲ್ಲಿ ಹಾರುತ್ತೀರಿ ಎಂಬುದು ಆ್ಯಪನ್ನು ನಿರ್ಧರಿಸುತ್ತದೆ. ಆ್ಯಪ್ ಟ್ಯಾಬ್ಲೆಟ್ಟಿನ ಜಾತಿಯನ್ನು ನಿರ್ಧರಿಸುತ್ತದೆ. ವಿಮಾನದ ಒಳಗಿನ ಜಾಗ ಅದರ ಗಾತ್ರವನ್ನು ನಿರ್ಧರಿಸುತ್ತದೆ. ಈ ಮೂರೂ ಇತ್ಯರ್ಥವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಮತ್ತು ನನ್ನ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ: ಈ ಸಾಧನ ಕೆಟ್ಟರೆ ಹೇಗೆ ಕೆಡುತ್ತದೆ, ಆ ಹೊತ್ತಿಗೆ ನನ್ನ ಕೈಯಲ್ಲಿ ಬೇರೇನಿರುತ್ತದೆ? ಅಂಗಡಿಯಲ್ಲಿ ಎಲ್ಲ ಟ್ಯಾಬ್ಲೆಟ್‌ಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದ್ದರಿಂದ ಒಳ್ಳೆಯ ದಿನದ ಗುಣಗಳನ್ನು ಹೋಲಿಸುವುದಕ್ಕಿಂತ ಕೆಟ್ಟ ದಿನದ ವರ್ತನೆಯನ್ನು ಹೋಲಿಸಿ ಆರಿಸುವುದು ಲೇಸು.

ಇಲ್ಲಿ ನಾನು ಮುಖ್ಯವಾಗಿ ಅಮೆರಿಕದ ಸಣ್ಣ ವಿಮಾನಯಾನವನ್ನು, ಅದರಲ್ಲೂ ಸೆಸ್ನಾ 172ರಂಥ ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಪೈಲಟ್ ತರಬೇತಿಗೆಂದು ಕರ್ನಾಟಕದಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳಿದ್ದಾರೆ, ಅಲ್ಲೇ ನೆಲೆಸಿ ವಾರಾಂತ್ಯದಲ್ಲಿ ಹಾರುವ ಕನ್ನಡಿಗರೂ ಇದ್ದಾರೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಆ್ಯಪ್ ಫೋರ್‌ಫ್ಲೈಟ್. ಅದು ಆ್ಯಪಲ್‌ನ ಐಪ್ಯಾಡ್ ಮತ್ತು ಐಫೋನ್‌ಗಳಲ್ಲಿ ಮಾತ್ರ ನಡೆಯುತ್ತದೆ. ಆ್ಯಂಡ್ರಾಯ್ಡ್ ಟ್ಯಾಬ್ಲೆಟ್ ಕೈಯಲ್ಲಿರುವವರಿಗೆ ಆ ಬಾಗಿಲು ಮುಚ್ಚಿದೆ. ಗಾರ್ಮಿನ್ ಪೈಲಟ್ ಎರಡರಲ್ಲೂ ಸಿಗುತ್ತದೆ, ಮತ್ತು ವಿಮಾನದ ಫಲಕದಲ್ಲಿ ಈಗಾಗಲೇ ಗಾರ್ಮಿನ್ ಉಪಕರಣಗಳಿದ್ದರೆ ಅದರ ಪರದೆಯ ಭಾಷೆ ಬೇಗ ಕಣ್ಣಿಗೆ ಒಗ್ಗುತ್ತದೆ. ಖರ್ಚು ಮಾಡಲಾರದವರಿಗೆ ಫ್ಲೈಟ್‌ಪ್ಲಾನ್ ಗೋ ಉಚಿತವಾಗಿ ದೊರೆಯುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಅವಾರೆ ಎಂಬ ಮುಕ್ತ ತಂತ್ರಾಂಶವೂ ಇದೆ. ಯುರೋಪಿಗೆ ಹೋಗುವವರು ಸ್ಕೈಡೀಮನ್ ಕಡೆಗೆ, ಆಸ್ಟ್ರೇಲಿಯಕ್ಕೆ ಹೋಗುವವರು ಓಝ್‌ರನ್‌ವೇಸ್ ಅಥವಾ ಆವ್‌ಪ್ಲಾನ್ ಕಡೆಗೆ ನೋಡಬೇಕು, ಏಕೆಂದರೆ ಅಲ್ಲಿನ ನಕ್ಷೆಗಳು, ವಾಯುವಲಯದ ಗಡಿಗಳು ಮತ್ತು ಸೂಚನೆಗಳನ್ನು ಅವು ಹೆಚ್ಚು ಚೆನ್ನಾಗಿ ಬಲ್ಲವು.

ಭಾರತದ ಸ್ಥಿತಿ ಬೇರೆ. ವಿಮಾನ ನಿಲ್ದಾಣ ಪ್ರಾಧಿಕಾರ ತನ್ನ ವೈಮಾನಿಕ ಮಾಹಿತಿ ಪ್ರಕಟಣೆಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುತ್ತದೆ. ನಿಲ್ದಾಣಗಳ ನಕ್ಷೆ, ರೇಡಿಯೊ ಕಂಪನಾಂಕ, ವಾಯುವಲಯದ ವಿವರಗಳನ್ನು ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಅಮೆರಿಕದಲ್ಲಿರುವಂತೆ ಹವಾಮಾನವನ್ನು ನೆಲದಿಂದ ನೇರವಾಗಿ ಸಣ್ಣ ವಿಮಾನಕ್ಕೆ ಉಚಿತವಾಗಿ ಪ್ರಸಾರ ಮಾಡುವ ಜಾಲ ಇಲ್ಲಿಲ್ಲ. ಜಕ್ಕೂರಿನಲ್ಲಿ ಕಲಿಯುವವರಿಗೆ ಯಲಹಂಕದ ವಾಯುಪಡೆಯ ನೆಲೆಯೂ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣವೂ ಹತ್ತಿರದಲ್ಲೇ ಇವೆ; ಅಂಥಲ್ಲಿ ಹೊರದೇಶದ ಆ್ಯಪ್ ತೋರಿಸುವ ಗಡಿರೇಖೆಯನ್ನು ಪ್ರಾಧಿಕಾರದ ಪ್ರಕಟಣೆಯೊಂದಿಗೆ ತಾಳೆ ನೋಡದೆ ನಂಬುವುದು ಸರಿಯಲ್ಲ. ಆದ್ದರಿಂದ ತರಬೇತಿ ಎಲ್ಲಿ ಎಂಬುದು ಗೊತ್ತಾಗುವ ಮೊದಲೇ ವಾರ್ಷಿಕ ಚಂದಾ ಕಟ್ಟಬೇಡಿ. ಶಾಲೆಯಲ್ಲಿ ಶಿಕ್ಷಕರು ಯಾವ ಆ್ಯಪ್ ಬಳಸುತ್ತಾರೆಂದು ಕೇಳಿ ತಿಳಿದುಕೊಂಡು ಅದನ್ನೇ ಆರಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಗಾಳಿಯಲ್ಲಿ ಗುಂಡಿ ಸಿಗದೆ ತಡಕಾಡುವಾಗ ಪಕ್ಕದ ಆಸನದಲ್ಲಿರುವವರಿಗೆ ಅದು ಎಲ್ಲಿದೆಯೆಂದು ಗೊತ್ತಿರುವುದು ಸಣ್ಣ ಅನುಕೂಲವಲ್ಲ.

ಆ್ಯಪ್‌ಗಳು ಸಾಮಾನ್ಯವಾಗಿ ಕೆಲವು ವಾರಗಳ ಉಚಿತ ಪ್ರಯೋಗಾವಧಿ ಕೊಡುತ್ತವೆ. ಅದನ್ನು ಮನೆಯ ಸೋಫಾದಲ್ಲಿ ಕುಳಿತು ಕಳೆಯಬೇಡಿ. ನಿಂತ ವಿಮಾನದಲ್ಲಿ ಆಸನಪಟ್ಟಿ ಕಟ್ಟಿಕೊಂಡು, ಹೆಡ್‌ಸೆಟ್ ಹಾಕಿಕೊಂಡು, ಎಡಗೈಯಲ್ಲಿ ಯೋಕ್ (ವಿಮಾನದ ಚುಕ್ಕಾಣಿ) ಹಿಡಿದು ಬಲಗೈಯಿಂದ ಮಾತ್ರ ಪರೀಕ್ಷೆ ಮಾಡಿ. ಹತ್ತಿರದ ನಿಲ್ದಾಣ ಯಾವುದು, ಅದರ ರನ್‌ವೇ ಉದ್ದವೆಷ್ಟು, ಅದರ ಕಂಪನಾಂಕವೇನು ಎಂಬ ಮೂರು ಉತ್ತರಗಳು ಎಷ್ಟು ಸ್ಪರ್ಶಗಳಲ್ಲಿ ಸಿಗುತ್ತವೆ ಎಂದು ಎಣಿಸಿ. ಹಾಕಿಕೊಂಡ ದಾರಿಯನ್ನು ನಡುವೆ ಮುರಿದು ಬೇರೆ ನಿಲ್ದಾಣಕ್ಕೆ ತಿರುಗಿಸಿ ನೋಡಿ. ತಪ್ಪಾಗಿ ಬೆರಳು ತಾಗಿದರೆ ದಾರಿ ಅಳಿಸಿಹೋಗುತ್ತದೆಯೇ, ಹಿಂದಕ್ಕೆ ಬರಲು ಸುಲಭವೇ ಎಂಬುದನ್ನು ಬೇಕೆಂದೇ ತಪ್ಪು ಮಾಡಿ ತಿಳಿದುಕೊಳ್ಳಿ. ಮಧ್ಯಾಹ್ನದ ಬಿಸಿಗಾಳಿ ವಿಮಾನವನ್ನು ಕುಲುಕುವಾಗ ಸಣ್ಣ ಗುಂಡಿಯೊಂದನ್ನು ಒತ್ತಲು ಹೋದ ಬೆರಳು ಎಲ್ಲಿಗೆ ಬೀಳುತ್ತದೋ ಹೇಳಲಾಗದು. ಆ್ಯಪ್‌ನ ಜಾಹೀರಾತಿನಲ್ಲಿ ಎದ್ದು ಕಾಣುವ ಮೂರು ಆಯಾಮದ ಬೆಟ್ಟಗುಡ್ಡಗಳಿಗಿಂತ ಈ ಹತ್ತು ನಿಮಿಷಗಳ ಪರೀಕ್ಷೆ ಹೆಚ್ಚು ಹೇಳುತ್ತದೆ.

ಚಂದಾ ಕಟ್ಟುವ ಆ್ಯಪ್ ಎಂದರೆ ಬಾಡಿಗೆ ಮನೆಯಿದ್ದಂತೆ ಎಂಬುದನ್ನೂ ನೆನಪಿಡಬೇಕು. ಫೋರ್‌ಫ್ಲೈಟ್ 2007ರಲ್ಲಿ ಸಣ್ಣ ಸಂಸ್ಥೆಯಾಗಿ ಹುಟ್ಟಿತು, 2019ರಲ್ಲಿ ಬೋಯಿಂಗ್ ಅದನ್ನು ಕೊಂಡಿತು, 2025ರಲ್ಲಿ ಬೋಯಿಂಗ್ ಅದನ್ನು ವೈಮಾನಿಕ ನಕ್ಷೆಗಳ ಸಂಸ್ಥೆಯಾದ ಜೆಪ್ಪೆಸನ್ ಜೊತೆಗೆ ಥೋಮಾ ಬ್ರಾವೋ ಎಂಬ ಹೂಡಿಕೆ ಸಂಸ್ಥೆಗೆ ಮಾರಲು ಒಪ್ಪಿತು. ಮಾಲೀಕರು ಬದಲಾದಾಗ ದರವೂ ಸೌಲಭ್ಯಗಳ ವಿಂಗಡಣೆಯೂ ಬದಲಾಗಬಹುದು. ನಿಮ್ಮ ಹಾರಾಟದ ದಿನಚರಿಯನ್ನು ಆ್ಯಪ್‌ನಲ್ಲೇ ಬರೆದಿಡುವವರಾದರೆ ಅದನ್ನು ಸಾಮಾನ್ಯ ಕೋಷ್ಟಕದ ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ, ತಿಂಗಳಿಗೊಮ್ಮೆ ಹೊರತೆಗೆದಿಡಿ.

ಇನ್ನು ಟ್ಯಾಬ್ಲೆಟ್. ಐಪ್ಯಾಡ್ ಕೊಳ್ಳುವವರು ಎಡವುವ ಮೊದಲ ಕಲ್ಲು ಜಿಪಿಎಸ್. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಉಪಗ್ರಹ ಸಂಕೇತ ಹಿಡಿಯುವ ಜಿಪಿಎಸ್ ಚಿಪ್ ಇರುವುದೇ ಇಲ್ಲ. ಮೊಬೈಲ್ ಸಂಪರ್ಕವುಳ್ಳ ಮಾದರಿಯಲ್ಲಿ ಮಾತ್ರ ಇರುತ್ತದೆ. ಇದು ಮೋಸಗೊಳಿಸುವ ವಿಷಯ, ಏಕೆಂದರೆ ವೈ-ಫೈ ಮಾದರಿಯೂ ಮನೆಯಲ್ಲಿ, ಹ್ಯಾಂಗರಿನಲ್ಲಿ ಸುತ್ತಲಿನ ವೈ-ಫೈ ಜಾಲಗಳ ಆಧಾರದಿಂದ ನಿಮ್ಮ ಸ್ಥಾನವನ್ನು ಸರಿಯಾಗಿಯೇ ತೋರಿಸುತ್ತದೆ. ಆಕಾಶಕ್ಕೇರಿದ ಮೇಲೆ ನಕ್ಷೆಯ ಮೇಲಿನ ವಿಮಾನದ ಚಿತ್ರ ಮಾಯವಾಗುತ್ತದೆ. ಮೊಬೈಲ್ ಮಾದರಿ ಕೊಂಡರೆ ಸಿಮ್ ಹಾಕಬೇಕೆಂದೇನೂ ಇಲ್ಲ, ಮಾಸಿಕ ಶುಲ್ಕ ಕಟ್ಟಬೇಕೆಂದೂ ಇಲ್ಲ. ಜಿಪಿಎಸ್ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಈಗಾಗಲೇ ವೈ-ಫೈ ಐಪ್ಯಾಡ್ ಮನೆಯಲ್ಲಿದ್ದರೆ ಅದನ್ನು ಎಸೆಯಬೇಕಿಲ್ಲ. ಗಾರ್ಮಿನ್ ಗ್ಲೋ ಅಥವಾ ಬ್ಯಾಡ್ ಎಲ್ಫ್‌ನಂಥ ಹೊರಗಿನ ಜಿಪಿಎಸ್ ಗ್ರಾಹಕವನ್ನು (ರಿಸೀವರ್) ಬ್ಲೂಟೂತ್ ಮೂಲಕ ಜೋಡಿಸಬಹುದು. ಆದರೆ ಅಲ್ಲಿಗೆ ಚಾರ್ಜ್ ಮಾಡಬೇಕಾದ, ಮರೆತು ಮನೆಯಲ್ಲೇ ಬಿಡಬಹುದಾದ ಇನ್ನೊಂದು ವಸ್ತು ನಿಮ್ಮ ಚೀಲ ಸೇರಿತು. ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ವೈ-ಫೈ ಮಾದರಿಗಳಲ್ಲೂ ಜಿಪಿಎಸ್ ಇರುವುದುಂಟು, ಮಾದರಿಯಿಂದ ಮಾದರಿಗೆ ವ್ಯತ್ಯಾಸವಿರುವುದರಿಂದ ತಾಂತ್ರಿಕ ವಿವರಪಟ್ಟಿ ಓದಿಯೇ ಕೊಳ್ಳಬೇಕು.

ಗಾತ್ರದ ವಿಷಯದಲ್ಲಿ ಅಳತೆಪಟ್ಟಿ ಹಿಡಿದು ವಿಮಾನಕ್ಕೆ ಹೋಗುವುದೇ ಸರಿಯಾದ ದಾರಿ. ಐಪ್ಯಾಡ್ ಮಿನಿಯ ಪರದೆ 8.3 ಇಂಚು, ತೂಕ ಸುಮಾರು 300 ಗ್ರಾಂ. ಅದು ತೊಡೆಯ ಮೇಲೆ ಕಟ್ಟಿಕೊಂಡರೂ, ಯೋಕ್‌ಗೆ ಸಿಕ್ಕಿಸಿದರೂ ಭಾರವೆನಿಸುವುದಿಲ್ಲ. 11 ಇಂಚಿನ ಐಪ್ಯಾಡ್‌ನಲ್ಲಿ ಅಮೆರಿಕದ ಇಳಿಯುವ ವಿಧಾನದ ನಕ್ಷೆಯ ಹಾಳೆ ಪೂರ್ಣ ಗಾತ್ರದಲ್ಲಿ ಕಾಣುತ್ತದೆ, ಮಿನಿಯಲ್ಲಿ ತುಸು ಕುಗ್ಗುತ್ತದೆ. ನಲವತ್ತು ದಾಟಿದ ಕಣ್ಣುಗಳು ಈ ತುಸುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೂ ಸೆಸ್ನಾ 172ರ ಯೋಕ್ ಮೇಲೆ 11 ಇಂಚಿನ ಪರದೆ ಕೂರಿಸಿದರೆ ಹಿಂದಿನ ಉಪಕರಣಗಳಲ್ಲಿ ಕೆಲವು ಮರೆಯಾಗುತ್ತವೆ. ದೃಷ್ಟಿಯಿಂದಲೇ ಹಾರುವವರಿಗೆ ಮಿನಿ ಸಾಕು; ಮೋಡದೊಳಗೆ ಉಪಕರಣಗಳ ಆಧಾರದ ಮೇಲೆ ಹಾರುವವರು, ಅದರಲ್ಲೂ ವಿಶಾಲವಾದ ಕಾಕ್‌ಪಿಟ್ ಇದ್ದವರು ದೊಡ್ಡದನ್ನು ಯೋಚಿಸಬಹುದು. 13 ಇಂಚಿನದು ಸಣ್ಣ ವಿಮಾನದಲ್ಲಿ ಊಟದ ತಟ್ಟೆ ಹಿಡಿದುಕೊಂಡು ಹಾರಿದಂತೆ.

ಸಂಗ್ರಹ ಸಾಮರ್ಥ್ಯ 128 ಜಿಬಿ ಇದ್ದರೆ ನೆಮ್ಮದಿ. ಪ್ರೊಸೆಸರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಆದರೆ ಹಳೆಯ ಮಾದರಿಯೊಂದನ್ನು ಅಗ್ಗಕ್ಕೆ ಕೊಳ್ಳುವಾಗ ನೀವು ಆರಿಸಿದ ಆ್ಯಪ್ ಬೇಡುವ ಕನಿಷ್ಠ ಐಪ್ಯಾಡ್‌ಒಎಸ್ (ಐಪ್ಯಾಡ್‌ನ ಕಾರ್ಯಾಚರಣ ವ್ಯವಸ್ಥೆ) ಆವೃತ್ತಿ ಅದರಲ್ಲಿ ಓಡುತ್ತದೆಯೇ ಎಂದು ನೋಡಿ.

ಬಿಸಿಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಕಾಕ್‌ಪಿಟ್‌ನಲ್ಲಿ ಟ್ಯಾಬ್ಲೆಟ್‌ಗಳನ್ನು ಸೋಲಿಸುವುದು ಹೆಚ್ಚಾಗಿ ಅದೇ. ಐಪ್ಯಾಡನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಸುತ್ತಲಿನ ತಾಪಮಾನದಲ್ಲಿ ಬಳಸಬೇಕೆಂದು ಆ್ಯಪಲ್ ಹೇಳುತ್ತದೆ. ಫೀನಿಕ್ಸ್‌ನ ಬೇಸಿಗೆಯಾಗಲಿ ಕಲಬುರಗಿಯ ಏಪ್ರಿಲ್ ಆಗಲಿ, ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಟಾರ್ಮ್ಯಾಕ್ ಮೇಲೆ ಬಾಗಿಲು ಮುಚ್ಚಿ ನಿಂತ ವಿಮಾನದ ಗಾಜಿನ ಹಿಂದೆ ಅದಕ್ಕಿಂತಲೂ ಹೆಚ್ಚು. ಐಪ್ಯಾಡ್ ಕಾದಾಗ ಮೊದಲು ಚಾರ್ಜ್ ಆಗುವುದನ್ನು ನಿಧಾನಗೊಳಿಸುತ್ತದೆ ಅಥವಾ ನಿಲ್ಲಿಸುತ್ತದೆ, ಆಮೇಲೆ ಪರದೆ ಮಂಕಾಗುತ್ತದೆ, ಕೊನೆಗೆ ತಣ್ಣಗಾಗುವ ತನಕ ಬಳಸಲಾಗದೆಂಬ ಎಚ್ಚರಿಕೆಯೊಂದನ್ನು ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ. ಇಲ್ಲೊಂದು ವಿಷವರ್ತುಲವಿದೆ: ಬಿಸಿಲು ಹೆಚ್ಚಿದಷ್ಟೂ ಓದಲು ಪರದೆಯ ಪ್ರಕಾಶ ಹೆಚ್ಚಿಸುತ್ತೀರಿ, ಪ್ರಕಾಶ ಹೆಚ್ಚಿದಷ್ಟೂ ಸಾಧನ ಕಾಯುತ್ತದೆ, ಜೊತೆಗೆ ಚಾರ್ಜರ್ ಸಿಕ್ಕಿಸಿದ್ದರೆ ಅದೂ ಒಳಗಿನಿಂದ ಕಾಯಿಸುತ್ತದೆ.

ಇದಕ್ಕೆ ಮಾಡಬಹುದಾದುದು ಕೊಳ್ಳುವಾಗಲೇ ಆರಂಭವಾಗುತ್ತದೆ. ಬೆನ್ನಿಗೆ ದಪ್ಪ ರಬ್ಬರ್ ಕವಚ ಹಾಕಬೇಡಿ. ಲೋಹದ ಬೆನ್ನು ಗಾಳಿಗೆ ತೆರೆದಿರಲಿ. ಬೆನ್ನಿಗೆ ಫ್ಯಾನ್ ಇರುವ ಹಿಡಿಕೆಗಳು ಸಿಗುತ್ತವೆ, ಬಿಸಿ ನಾಡಿನಲ್ಲಿ ಅವಕ್ಕೆ ಕೊಡುವ ಹಣ ದಂಡವಲ್ಲ. ಟ್ಯಾಬ್ಲೆಟ್ಟನ್ನು ಮುಂಗಾಜಿನ ಕೆಳಗಿನ ಫಲಕದ ಮೇಲೆ ಇಡಲೇಬಾರದು. ಹಾರಾಟಕ್ಕೆ ಮುಂಚೆ ವಿಮಾನ ತಪಾಸಣೆ ಮಾಡುವ ಹೊತ್ತಿನಲ್ಲಿ ಅದು ನಿಮ್ಮ ಚೀಲದಲ್ಲಿ, ನೆರಳಿನಲ್ಲಿರಲಿ. ಕಾದ ಐಪ್ಯಾಡನ್ನು ತಣಿಸಲು ಹವಾ ನಿಯಂತ್ರಣದ ಬಾಯಿಗೆ ಹಿಡಿಯಬಹುದು, ಆದರೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರೆ ಒಳಗೆ ತೇವ ಹನಿಗಟ್ಟುತ್ತದೆ. ಪರದೆ ಎಷ್ಟು ಪ್ರಕಾಶಮಾನವೆಂಬುದೂ ಇಲ್ಲಿಗೇ ಸೇರಿದ ಪ್ರಶ್ನೆ: ಸಾಮಾನ್ಯ ಐಪ್ಯಾಡ್ ಮತ್ತು ಮಿನಿಗಳ ಪರದೆ 500 ನಿಟ್ (ಪ್ರಕಾಶದ ಅಳತೆ), 2024ರ ಐಪ್ಯಾಡ್ ಪ್ರೊ 1000 ನಿಟ್. ರೆಕ್ಕೆ ಮೇಲಿರುವ ಸೆಸ್ನಾದಲ್ಲಿ ನೆರಳು ಸಿಗುವುದರಿಂದ 500 ಸಾಲುತ್ತದೆ. ಗಾಜಿನ ಗುಮ್ಮಟದಂಥ ಮೇಲ್ಛಾವಣಿಯುಳ್ಳ ವಿಮಾನಗಳಲ್ಲಿ ಅಷ್ಟು ಸಾಲದು. ಪೋಲರೈಸ್ಡ್ ಕನ್ನಡಕ ಧರಿಸುವವರು ಅದನ್ನು ಹಾಕಿಕೊಂಡೇ ಟ್ಯಾಬ್ಲೆಟ್ಟನ್ನು ಅಡ್ಡವಾಗಿಯೂ ಉದ್ದವಾಗಿಯೂ ಹಿಡಿದು ನೋಡಬೇಕು. ಕೆಲವು ಕೋನಗಳಲ್ಲಿ ಪರದೆ ಪೂರ್ತಿ ಕಪ್ಪಾಗಿ ಕಾಣುತ್ತದೆ.

ಹಿಡಿಕೆ ಎಂಬುದು ಕೊನೆಗೆ ಯೋಚಿಸುವ ಚಿಲ್ಲರೆ ಸಾಮಾನಲ್ಲ. ಯೋಕ್‌ಗೆ ಸಿಕ್ಕಿಸಿದ ಮೇಲೆ ಯೋಕ್ ಅನ್ನು ಪೂರ್ತಿ ಹಿಂದಕ್ಕೆಳೆದು, ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ, ಹೊಟ್ಟೆಗಾಗಲಿ ತೊಡೆಗಾಗಲಿ ಬಾಗಿಲಿಗಾಗಲಿ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇಳಿಯುವ ಕೊನೆಯ ಕ್ಷಣದಲ್ಲಿ ಮೂತಿ ಎತ್ತಲು ಬೇಕಾದ ಎರಡಂಗುಲ ಜಾಗವನ್ನು ಟ್ಯಾಬ್ಲೆಟ್ ತಿಂದುಬಿಟ್ಟರೆ ಆಗುವುದು ಬೇರೆಯದೇ ಕಥೆ. ಯೋಕ್ ಬದಲಿಗೆ ಕಡ್ಡಿಯಿರುವ ವಿಮಾನಗಳಲ್ಲಿ ತೊಡೆಯ ಮೇಲಿನ ಮಿನಿ ಕೂಡ ಕಡ್ಡಿಯ ಚಲನೆಗೆ ಅಡ್ಡಿಯಾಗಬಹುದು. ಗಾಜಿಗೆ ಅಂಟುವ ಹೀರುಬಟ್ಟಲಿನ ಹಿಡಿಕೆಗೆ ಒಂದು ದಾರವನ್ನು ಕಟ್ಟಿಡಿ, ಬಿದ್ದರೆ ಪೆಡಲ್‌ಗಳ ನಡುವೆ ಹೋಗದಿರಲಿ. ಐಪ್ಯಾಡ್‌ನಲ್ಲೂ ಅದರ ಮುಚ್ಚಳಗಳಲ್ಲೂ ಆಯಸ್ಕಾಂತಗಳಿವೆ. ಮೇಲಿನ ದಿಕ್ಸೂಚಿಯ ಹತ್ತಿರ ಅದನ್ನು ತಂದು ಮುಳ್ಳು ತಿರುಗುತ್ತದೆಯೇ ಎಂದು ನೆಲದ ಮೇಲೆಯೇ ನೋಡಿ.

ವಿದ್ಯುತ್ತಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಸೆಸ್ನಾಗಳ ವಿದ್ಯುತ್ ವ್ಯವಸ್ಥೆ 14 ವೋಲ್ಟ್, ನಂತರದ 172ಗಳದು 28 ವೋಲ್ಟ್. ಕಾರಿಗೆಂದು ಮಾಡಿದ 12 ವೋಲ್ಟ್‌ನ ಅಗ್ಗದ ಚಾರ್ಜರನ್ನು 28 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು. ಸುಡದಿದ್ದರೂ ಇನ್ನೊಂದು ಉಪದ್ರವ ಕೊಡಬಹುದು: ಒಮ್ಮೆ ಹೊಸ ಚಾರ್ಜರ್ ಹಾಕಿದ ದಿನ ಟವರ್‌ನ ಮಾತುಗಳ ಮೇಲೆ ಸಾರು ಕುದಿಯುವಂಥ ಸದ್ದು ಕೇಳಿಸತೊಡಗಿತ್ತು, ರೇಡಿಯೊ ಕೆಟ್ಟಿದೆಯೆಂದೇ ಭಾವಿಸಿದ್ದೆ, ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತಿತು. ಅಮೆರಿಕದ ನಿಯಮ 91.21ರ ಪ್ರಕಾರ ಉಪಕರಣಗಳ ಆಧಾರದ ಹಾರಾಟದಲ್ಲಿ ಇಂಥ ಸಾಧನ ವಿಮಾನದ ಸಂಪರ್ಕ, ಸಂಚಾರ ಉಪಕರಣಗಳಿಗೆ ಅಡ್ಡಿಪಡಿಸುವುದಿಲ್ಲವೆಂದು ನಿರ್ಧರಿಸುವ ಹೊಣೆ ಖಾಸಗಿ ಹಾರಾಟದಲ್ಲಿ ಪೈಲಟ್ ಅಥವಾ ವಿಮಾನದ ನಿರ್ವಾಹಕರ ಮೇಲಿದೆ. ಆದ್ದರಿಂದ ಹೊಸ ಚಾರ್ಜರ್, ಹೊಸ ಗ್ರಾಹಕ ಯಾವುದನ್ನೇ ಆಗಲಿ ಮೊದಲು ಒಳ್ಳೆಯ ಹವೆಯ ಹಗಲಿನಲ್ಲಿ ಪರೀಕ್ಷಿಸಿ. ಬ್ಯಾಟರಿ ಉಬ್ಬಿದ ಟ್ಯಾಬ್ಲೆಟ್ಟನ್ನು, ಪರದೆ ಅಂಚಿನಲ್ಲಿ ಕೂದಲೆಳೆಯಷ್ಟು ಎದ್ದಿದ್ದರೂ, ವಿಮಾನಕ್ಕೆ ಒಯ್ಯಬೇಡಿ.

ಅಮೆರಿಕದಲ್ಲಿ ಎಡಿಎಸ್-ಬಿ (ವಿಮಾನಗಳ ಸ್ಥಾನ, ಹವಾಮಾನಗಳನ್ನು ರೇಡಿಯೊದಲ್ಲಿ ಬಿತ್ತರಿಸುವ ವ್ಯವಸ್ಥೆ) ಗ್ರಾಹಕವೊಂದನ್ನು ಜೋಡಿಸಿದರೆ ಹವಾಮಾನವೂ ಸುತ್ತಲಿನ ವಿಮಾನಗಳೂ ಆ್ಯಪ್‌ನಲ್ಲಿ ಕಾಣಿಸುತ್ತವೆ, ಅದಕ್ಕೆ ಚಂದಾ ಇಲ್ಲ. ಸೆಂಟ್ರಿ, ಸ್ಟ್ರೇಟಸ್ ಮುಂತಾದ ಸಿದ್ಧ ಗ್ರಾಹಕಗಳಿವೆ. ಕೈಯಾರೆ ಜೋಡಿಸುವ ಹವ್ಯಾಸವಿದ್ದವರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆಧಾರದ ಸ್ಟ್ರಾಟಕ್ಸ್ ಕಟ್ಟಿಕೊಳ್ಳುತ್ತಾರೆ. ಯಾವ ಗ್ರಾಹಕ ಯಾವ ಆ್ಯಪ್‌ಗೆ ಹೊಂದುತ್ತದೆಂದು ನೋಡದೆ ಕೊಳ್ಳಬಾರದು, ಎಲ್ಲವೂ ಎಲ್ಲದಕ್ಕೂ ಹೊಂದುವುದಿಲ್ಲ. ಬಂದ ಮಾಹಿತಿಯನ್ನು ಓದುವುದರಲ್ಲೂ ಎಚ್ಚರ ಬೇಕು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಪರದೆಯ ಮೇಲಿನ ಮಳೆಯ ರೇಡಾರ್ ಚಿತ್ರ ಅದರ ಪಕ್ಕದಲ್ಲಿ ಬರೆದಿರುವ ವಯಸ್ಸಿಗಿಂತ 15ರಿಂದ 20 ನಿಮಿಷ ಹಳೆಯದಾಗಿರಬಹುದು. ವೇಗವಾಗಿ ಸಾಗುವ ಗುಡುಗುಮೋಡ ಅಷ್ಟರಲ್ಲಿ ಹತ್ತಾರು ಕಿಲೋಮೀಟರ್ ಸರಿದಿರುತ್ತದೆ. ದೂರದಿಂದಲೇ ಸುತ್ತು ಹಾಕಿ ಹೋಗಲು ಆ ಚಿತ್ರ ಒಳ್ಳೆಯದು. ಎರಡು ಮೋಡಗಳ ನಡುವಿನ ಸಂದಿಯಲ್ಲಿ ನುಸುಳಲು ಅದನ್ನು ಬಳಸಬಾರದು. ಎತ್ತರದ ಅಂಕಿಯೂ ಹೀಗೆಯೇ: ಆ್ಯಪ್ ತೋರಿಸುವುದು ಜಿಪಿಎಸ್ ಎತ್ತರ, ನಿಯಂತ್ರಕರು ಕೇಳುವುದು ವಾಯುಭಾರದ ಎತ್ತರಮಾಪಕದ ಅಂಕಿ. ಬಿಸಿ ದಿನಗಳಲ್ಲಿ ಎರಡಕ್ಕೂ ನೂರಾರು ಅಡಿಗಳ ಅಂತರ ಬರಬಹುದು. ವಾಯುವಲಯದ ತಳ ಅಥವಾ ನೆತ್ತಿಯ ಲೆಕ್ಕಕ್ಕೆ ಎತ್ತರಮಾಪಕವೇ ಪ್ರಮಾಣ.

ಹಾರುವ ಹಿಂದಿನ ರಾತ್ರಿ ಮಾಡಬೇಕಾದ ಕೆಲಸಗಳಿವೆ. ವೈಮಾನಿಕ ಮಾಹಿತಿ ಅಂತರರಾಷ್ಟ್ರೀಯವಾಗಿ 28 ದಿನಗಳ ಚಕ್ರದಲ್ಲಿ ಬದಲಾಗುತ್ತದೆ. ಹೊಸ ಚಕ್ರದ ದತ್ತಾಂಶವನ್ನು ಮನೆಯ ವೈ-ಫೈನಲ್ಲೇ ಇಳಿಸಿ, ಹೋಗುವ ದಾರಿಯ ನಕ್ಷೆಗಳು ಪೂರ್ತಿ ಬಂದಿವೆಯೇ ಎಂದು ಪರೀಕ್ಷಿಸಿ. ಪರೀಕ್ಷೆ ಹೇಗೆಂದರೆ, ಟ್ಯಾಬ್ಲೆಟ್ಟನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈಯನ್ನೂ ಬಂದ್ ಮಾಡಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದು, ಹೊರಡುವ ನಿಲ್ದಾಣದಿಂದ ಇಳಿಯುವ ನಿಲ್ದಾಣದವರೆಗೆ ನಕ್ಷೆಯನ್ನು ಹಿಗ್ಗಿಸುತ್ತ ಸರಿಸಿ ನೋಡುವುದು. ಎಲ್ಲಾದರೂ ಮಸುಕಾದ ಚೌಕ ಕಂಡರೆ ಅಲ್ಲಿ ನಕ್ಷೆ ಇಳಿದಿಲ್ಲ. ಹೊಸ ಐಪ್ಯಾಡ್‌ಒಎಸ್ ಬಂದ ವಾರವೇ ಅದನ್ನು ಹಾಕಿಕೊಳ್ಳಬೇಡಿ. ಆ್ಯಪ್ ತಯಾರಕರು ತಮ್ಮ ಆ್ಯಪ್ ಅದರೊಂದಿಗೆ ಸರಿಯಿದೆಯೆಂದು ಹೇಳುವವರೆಗೂ, ಹೊರಗಿನ ಜಿಪಿಎಸ್ ಇದ್ದರೆ ಅದರ ತಯಾರಕರು ಹೇಳುವವರೆಗೂ ಕಾಯಿರಿ. ತಾನಾಗಿ ಪರದೆ ಆರುವುದನ್ನು ನಿಲ್ಲಿಸಿ, ಸಂದೇಶಗಳ ಸೂಚನೆಗಳನ್ನು ಮೌನಗೊಳಿಸಿ. ರಾತ್ರಿ ಹಾರುವುದಿದ್ದರೆ ಕನಿಷ್ಠ ಪ್ರಕಾಶದಲ್ಲೂ ಪರದೆ ಕಣ್ಣು ಕುಕ್ಕುತ್ತದೆಯೇ ಎಂದು ಕತ್ತಲೆ ಕೋಣೆಯಲ್ಲಿ ನೋಡಿಕೊಳ್ಳಿ.

ಕೆಡುವ ರೀತಿಯ ಪ್ರಶ್ನೆಗೆ ಮರಳಿ ಬರೋಣ. ಖಾಸಗಿ ಹಾರಾಟದಲ್ಲಿ ಕಾಗದದ ನಕ್ಷೆಯ ಬದಲು ಟ್ಯಾಬ್ಲೆಟ್ ಬಳಸಲು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ತನ್ನ ಸಲಹಾ ಸುತ್ತೋಲೆಯಲ್ಲಿ ಅವಕಾಶ ಕೊಡುತ್ತದೆ, ಮಾಹಿತಿ ಚಾಲ್ತಿಯದಾಗಿರಬೇಕೆನ್ನುತ್ತದೆ, ಬದಲಿ ಆಧಾರವೊಂದನ್ನು ಇಟ್ಟುಕೊಳ್ಳುವಂತೆ ಸಲಹೆ ಕೊಡುತ್ತದೆ. ವಾಣಿಜ್ಯ ಹಾರಾಟಗಳಿಗೂ ಭಾರತದ ತರಬೇತಿ ಸಂಸ್ಥೆಗಳಿಗೂ ಅವರವರ ಅನುಮೋದಿತ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ. ಬದಲಿ ಎಂದರೇನು ಎಂಬುದಕ್ಕೆ 2015ರ ಏಪ್ರಿಲ್‌ನ ಪ್ರಸಂಗ ಒಳ್ಳೆಯ ಉದಾಹರಣೆ. ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳ ಐಪ್ಯಾಡ್‌ಗಳಲ್ಲಿ ನಕ್ಷೆಯ ಆ್ಯಪ್ ಸ್ಥಗಿತಗೊಂಡು ಹಲವು ವಿಮಾನಗಳು ತಡವಾದವು. ವಾಷಿಂಗ್ಟನ್‌ನ ರೇಗನ್ ನಿಲ್ದಾಣದ ಒಂದೇ ನಕ್ಷೆ ದತ್ತಾಂಶದಲ್ಲಿ ಎರಡು ಬಾರಿ ಸೇರಿಕೊಂಡಿದ್ದುದು ಕಾರಣವಾಗಿತ್ತು. ಒಂದೇ ಕಾಕ್‌ಪಿಟ್‌ನ ಎರಡು ಐಪ್ಯಾಡ್‌ಗಳಲ್ಲೂ ಒಂದೇ ಆ್ಯಪ್, ಒಂದೇ ದತ್ತಾಂಶ ಇದ್ದರೆ ಅಂಥ ದೋಷ ಎರಡನ್ನೂ ಒಟ್ಟಿಗೇ ಹಿಡಿಯುತ್ತದೆ. ನಿಮ್ಮ ಬದಲಿ ಸಾಧನ ಫೋನ್ ಆಗಿದ್ದರೆ ಅದರಲ್ಲಿ ಬೇರೆ ಆ್ಯಪ್ ಇರಲಿ, ಉಚಿತವಾದದ್ದಾದರೂ ಆದೀತು, ಮತ್ತು ಅದು ಜೇಬಿನಲ್ಲಿರಲಿ, ಟ್ಯಾಬ್ಲೆಟ್ ಪಕ್ಕದ ಬಿಸಿಲಿನಲ್ಲಲ್ಲ.

ಆದರೆ ಫೋನೂ ಟ್ಯಾಬ್ಲೆಟ್ಟೂ ಒಂದೇ ಉಪಗ್ರಹಗಳನ್ನು ನಂಬಿವೆ. ಜಿಪಿಎಸ್ ಸಂಕೇತವನ್ನು ಕೆಡಿಸುವುದು, ಸುಳ್ಳು ಸಂಕೇತ ಕಳಿಸುವುದು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದ್ದು, ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ 2023ರ ನವೆಂಬರ್‌ನಲ್ಲಿ ಈ ಬಗ್ಗೆ ಸಲಹಾ ಸುತ್ತೋಲೆ ಹೊರಡಿಸಿದೆ. ಸಂಕೇತ ಸಿಗದಿದ್ದರೆ ಆ್ಯಪ್ ಹಾಗೆಂದು ಹೇಳುತ್ತದೆ; ಸುಳ್ಳು ಸಂಕೇತ ಸಿಕ್ಕರೆ ಸುಳ್ಳು ಜಾಗವನ್ನೇ ತೋರಿಸಬಹುದು. ಆದ್ದರಿಂದ ಮಂಡಿಯ ಮೇಲಿನ ಪಟ್ಟಿಯಲ್ಲಿ ಪೆನ್ಸಿಲಿನಿಂದ ದಾರಿಯ ಗುರುತುಗಳು, ಪ್ರತಿಯೊಂದಕ್ಕೂ ಹಿಡಿಯಬೇಕಾದ ದಿಕ್ಕು, ಅಲ್ಲಿಗೆ ತಲುಪಬೇಕಾದ ನಿಮಿಷ ಇಷ್ಟನ್ನು ಬರೆದುಕೊಳ್ಳಿ, ಗುರುತು ದಾಟಿದಾಗಲೆಲ್ಲ ಗಡಿಯಾರ ನೋಡಿ ನಿಜವಾದ ನಿಮಿಷವನ್ನು ಪಕ್ಕದಲ್ಲಿ ಗೀಚಿ. ತಿಂಗಳಿಗೊಮ್ಮೆಯಾದರೂ, ಪಕ್ಕದಲ್ಲಿ ಶಿಕ್ಷಕರೋ ಇನ್ನೊಬ್ಬ ಪೈಲಟ್ಟೋ ಇರುವಾಗ, ದಾರಿಯ ನಡುವೆ ಟ್ಯಾಬ್ಲೆಟ್ಟನ್ನು ಮಗುಚಿ ಹಾಕಿ ಮುಂದಿನ ಎರಡು ಗುರುತುಗಳನ್ನು ಆ ಪಟ್ಟಿಯಿಂದಲೇ ಹುಡುಕಿ. ಸಿಗದೆ ಹೋದರೆ ಟ್ಯಾಬ್ಲೆಟ್ಟನ್ನು ತಿರುಗಿಸಿ ನೋಡಿ, ಎಷ್ಟು ದೂರ ತಪ್ಪಿದ್ದೀರೆಂದು ಅದು ಹೇಳುತ್ತದೆ.